ಡಿಸ್ನಿ ವರ್ಲ್ಡ್ ಓಟದ ವಾರಾಂತ್ಯ: ನಾಲ್ಕು ಬೇಡ, ಒಂದು ಹಾಫ್ ಸಾಕು

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ 10ಕೆ ಎರಡು ಸಲ ಓಡಿದ್ದೀರಿ, ಒಂದು ಗಂಟೆ 25 ನಿಮಿಷ ಹಿಡಿದಿದೆ. ಅಣ್ಣ ಟ್ಯಾಂಪಾದಲ್ಲಿದ್ದಾರೆ. ಜನವರಿಯಲ್ಲಿ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ನಡೆಯುವ ಮ್ಯಾರಥಾನ್ ವಾರಾಂತ್ಯಕ್ಕೆ ಹೋಗಿ ನಾಲ್ಕು ದಿನದ ನಾಲ್ಕೂ ಓಟ ಮುಗಿಸಬೇಕು ಅಂತ ಆಸೆ. ಆಗುತ್ತಾ, ದುಡ್ಡಿಗೆ ತಕ್ಕದ್ದಾ ಅಂತ ಕೇಳಿದ್ದೀರಿ.

ಹೋಗಿ, ಖಂಡಿತ ಹೋಗಿ. ಆದರೆ ನಾಲ್ಕೂ ಬೇಡ. ಶನಿವಾರದ ಹಾಫ್, ಅಂದರೆ 21 ಕಿಲೋಮೀಟರ್‌ನ ಅರ್ಧ ಮ್ಯಾರಥಾನ್, ಒಂದನ್ನು ಇಟ್ಟುಕೊಳ್ಳಿ. ಮನಸ್ಸಿದ್ದರೆ ಗುರುವಾರದ 5ಕೆಯನ್ನು ಅಣ್ಣನ ಮಕ್ಕಳ ಜೊತೆ ಓಡಿ. ಐದು ವರ್ಷ ದಾಟಿದ ಮಕ್ಕಳಿಗೆ 5ಕೆಗೆ ಅವಕಾಶ ಇದೆ, ಹಾಫ್‌ಗೆ 14 ಆಗಿರಬೇಕು. ಕೆಲವು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ನನ್ನಕ್ಕನ ಮಗಳ ಜೊತೆ 5ಕೆ, ಆಮೇಲೆ ಒಂದು ದಿನ ಬಿಟ್ಟು ಹಾಫ್. ಆ ಎರಡು ಬೆಳಗ್ಗೆ ಇವತ್ತಿಗೂ ನನ್ನ ಕಣ್ಣ ಮುಂದೆ ಇವೆ.

ನಾಲ್ಕು ಯಾಕೆ ಬೇಡ ಅಂತ ಹೇಳ್ತೀನಿ. ಗುರುವಾರ 5ಕೆ, ಶುಕ್ರವಾರ 10ಕೆ, ಶನಿವಾರ ಹಾಫ್, ಭಾನುವಾರ ಫುಲ್, ಅಂದರೆ ಪೂರ್ತಿ ಮ್ಯಾರಥಾನ್. ನಾಲ್ಕನ್ನೂ ಸೇರಿಸಿ ಓಡುವುದಕ್ಕೆ ಡೋಪಿ ಚಾಲೆಂಜ್ ಅಂತಾರೆ, 2014ರಲ್ಲಿ ಶುರುವಾಗಿದ್ದು. ಒಟ್ಟು 48.6 ಮೈಲಿ, ಅಂದರೆ 78 ಕಿಲೋಮೀಟರ್ ಮೇಲೆ. ಹಾಫ್ ಮತ್ತು ಫುಲ್ ಮಾತ್ರ ಸೇರಿಸಿದರೆ ಗೂಫಿ ಚಾಲೆಂಜ್, ಅದು 2006ರಿಂದ ಇದೆ. ದೂರ ಕೇಳಿ ಎಲ್ಲರೂ ಕಾಲಿನ ಬಗ್ಗೆ ಯೋಚನೆ ಮಾಡ್ತಾರೆ. ಅಲ್ಲಿ ಮೊದಲು ಕೈಕೊಡುವುದು ನಿದ್ದೆ. ಓಟ ಬೆಳಗ್ಗೆ ಐದಕ್ಕೆ ಶುರು, ಪಾರ್ಕ್ ಬಾಗಿಲು ತೆರೆಯುವ ಮೊದಲೇ ರಸ್ತೆ ಖಾಲಿ ಮಾಡಬೇಕಲ್ಲ. ಐದಕ್ಕೆ ಓಡಬೇಕು ಅಂದರೆ ಮೂರು, ಮೂರೂವರೆಗೆಲ್ಲ ಅಲ್ಲಿ ಇರಬೇಕು. ಅಂದರೆ ಎರಡಕ್ಕೆ ಏಳಬೇಕು. ಹೀಗೆ ನಾಲ್ಕು ರಾತ್ರಿ. ನಡುವೆ ಹಗಲೆಲ್ಲ ಮಕ್ಕಳ ಕೈ ಹಿಡಿದು ಪಾರ್ಕ್ ಸುತ್ತುವುದು. ಭಾನುವಾರ 42 ಕಿಲೋಮೀಟರ್‌ಗೆ ನಿಲ್ಲುವಾಗ ಮೈಯಲ್ಲಿ ಏನು ಉಳಿದಿರುತ್ತದೆ? ಇದುವರೆಗೆ 10 ಕಿಲೋಮೀಟರ್ ಮಾತ್ರ ಓಡಿದವರಿಗೆ ಇದು ಬೇಡ. ಎರಡು ಮೂರು ಫುಲ್ ಮುಗಿಸಿದ ಮೇಲೆ ಹೋಗಿ.

ನಿದ್ದೆ ವಿಷಯದಲ್ಲಿ ನಮಗೆ ಒಂದು ಲಾಭ ಇದೆ. ಜನವರಿಯಲ್ಲಿ ಫ್ಲೋರಿಡಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ ಐದು ಅಂದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ಬೆಂಗಳೂರಿನಿಂದ ಹೋದ ಹೊಸದರಲ್ಲಿ ರಾತ್ರಿ ಏಳಕ್ಕೇ ಕಣ್ಣು ಮುಚ್ಚಿಕೊಂಡು ಬರುತ್ತದೆ, ಎರಡಕ್ಕೆ ತಾನಾಗಿ ಎಚ್ಚರ ಆಗುತ್ತದೆ. ಬೇರೆ ಪ್ರವಾಸದಲ್ಲಿ ಇದು ತೊಂದರೆ, ಇಲ್ಲಿ ವರ. ಅಲ್ಲಿನ ಸಮಯಕ್ಕೆ ಹೊಂದಿಕೊಳ್ಳಲು ಒದ್ದಾಡಬೇಡಿ. ಮಂಗಳವಾರ ಇಳಿಯಿರಿ, ಸಂಜೆ ಬೇಗ ಊಟ ಮಾಡಿ ಮಲಗಿ. ಅಣ್ಣ ಅತ್ತಿಗೆ ರಾತ್ರಿ ಮಾತಾಡೋಣ ಅಂತ ಕೂರಿಸಿಕೊಂಡರೆ, ಮಾತೆಲ್ಲ ಭಾನುವಾರದ ಮೇಲೆ ಅಂತ ಮೊದಲೇ ಹೇಳಿಬಿಡಿ.

ಇನ್ನು ಸಮಯದ ಲೆಕ್ಕ. ಅಲ್ಲಿನ ನಿಯಮ ಒಂದು ಮೈಲಿಗೆ 16 ನಿಮಿಷ, ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗೆ ಹತ್ತು ನಿಮಿಷ. ಎಲ್ಲರಿಗಿಂತ ಕೊನೆಗೆ ಬಲೂನ್ ಕಟ್ಟಿಕೊಂಡ ಹೆಂಗಸರ ಗುಂಪು ಅದೇ ವೇಗದಲ್ಲಿ ಬರುತ್ತದೆ. ಅವರಿಗಿಂತ ತೀರಾ ಹಿಂದೆ ಬಿದ್ದರೆ ಬಸ್ಸಿಗೆ ಹತ್ತಿಸಿ ಕರೆದುಕೊಂಡು ಹೋಗ್ತಾರೆ. ನಿಮ್ಮ 10ಕೆ ನೋಡಿದರೆ ಕಿಲೋಮೀಟರಿಗೆ ಎಂಟೂವರೆ ನಿಮಿಷ. ಹಾಫ್‌ನಲ್ಲಿ ಸುಸ್ತಾಗಿ ಒಂಬತ್ತಕ್ಕೆ ಇಳಿದರೂ ಕೊನೆಗೆ 20 ನಿಮಿಷ ಉಳಿಯುತ್ತದೆ. ಆ 20 ನಿಮಿಷವೇ ಇಡೀ ಪ್ರವಾಸದ ಸಂಪತ್ತು. ದಾರಿ ಉದ್ದಕ್ಕೂ ಮಿಕ್ಕಿ, ಡೊನಾಲ್ಡ್, ಹಗಲಲ್ಲಿ ಸುಲಭಕ್ಕೆ ಸಿಗದ ಪಾತ್ರಗಳೂ ನಿಂತಿರುತ್ತವೆ. ಓಟಗಾರರು ನಿಂತು, ಸಾಲು ಹಿಡಿದು ಫೋಟೋ ತೆಗೆಸಿಕೊಳ್ತಾರೆ. ಒಂದೊಂದು ಸಾಲು ಐದು, ಏಳು ನಿಮಿಷ ತಿನ್ನುತ್ತದೆ. ಮೂರು ಫೋಟೋಗೆ ನಿಮ್ಮ ಉಳಿತಾಯ ಖಾಲಿ. ಅದಕ್ಕೇ ನಾನು ಹೇಳುವುದು, ಅಭ್ಯಾಸ ಮಾಡುವಾಗ ವೇಗ ಹೆಚ್ಚಿಸಿಕೊಳ್ಳಿ. ಪದಕಕ್ಕಾಗಿ ಅಲ್ಲ, ನಿಲ್ಲುವುದಕ್ಕೆ. ಹಿಂದಿನ ಯಾವುದಾದರೂ ಅಧಿಕೃತ ಓಟದ ಸಮಯ ಕೊಟ್ಟರೆ ಮುಂದಿನ ಕೊರಾಲ್, ಅಂದರೆ ಮೊದಲು ಹೊರಡುವ ಗುಂಪಿನಲ್ಲಿ ಜಾಗ, ಸಿಗಬಹುದು. ಮುಂದೆ ಹೊರಟಷ್ಟೂ ಬಲೂನಿಗೂ ನಿಮಗೂ ಅಂತರ ಜಾಸ್ತಿ. ಯಾವ ದೂರದ ಓಟ ಆಗಬೇಕು, ಯಾವಾಗ ಕೊಡಬೇಕು ಅನ್ನೋದನ್ನು ಆ ವರ್ಷದ ನಿಯಮದಲ್ಲಿ ಓದಿಕೊಳ್ಳಿ.

ಓಡಿ-ನಡೆದು ಮಾಡಿ ಅಂತ ನನ್ನ ಸಲಹೆ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೊದಲ ನಿಮಿಷದಿಂದಲೇ. ಸುಸ್ತಾದ ಮೇಲೆ ನಡೆಯುವುದು ಬೇರೆ, ಸುಸ್ತಾಗದಿರಲಿ ಅಂತ ನಡೆಯುವುದು ಬೇರೆ. ಈ ಪದ್ಧತಿಯನ್ನು ಹರಡಿದ ಜೆಫ್ ಗ್ಯಾಲೋವೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಡಿಸ್ನಿ ಓಟಗಳ ತರಬೇತಿ ಪಟ್ಟಿಗಳೂ ಅವರ ಹೆಸರಿನಲ್ಲೇ ಬಂದಿವೆ. ನಾನು ಐದು ತಿಂಗಳು ಹೀಗೇ ತಯಾರಾದೆ. ವಾರದ ದಿನ ಲಾಲ್‌ಬಾಗ್, ಭಾನುವಾರ ವಾಹನ ಬಿಡದ ಕಬ್ಬನ್ ಪಾರ್ಕಿನಲ್ಲಿ ಉದ್ದ ಓಟ. ಕೊನೆಯ ತಿಂಗಳು ಮೂರು ಸಲ ಬೆಳಗ್ಗೆ ಎರಡಕ್ಕೆ ಎದ್ದು, ತಿಂದು, ಎರಡು ಗಂಟೆ ಸುಮ್ನೆ ಕೂತು, ಆಮೇಲೆ ಓಡಿದೆ. ಆ ಹೊತ್ತಿಗೆ ಲಾಲ್‌ಬಾಗ್ ಗೇಟ್ ತೆರೆದಿರುವುದಿಲ್ಲ, ಬೀದಿಯಲ್ಲಿ ನಾಯಿಗಳು. ಮನೆಯವರು ಸ್ಕೂಟರಿನಲ್ಲಿ ಹಿಂದೆ ಬಂದರು. ಮುಖ್ಯವಾಗಿ ಹೊಟ್ಟೆಗೆ ಆ ಸಮಯ ಅಭ್ಯಾಸ ಆಗಬೇಕು. ನನಗೆ ಒಗ್ಗಿದ್ದು ರಾಗಿ ಹುರಿಹಿಟ್ಟು. ಹೋಟೆಲ್ ರೂಮಿನ ಬಿಸಿನೀರಿಗೆ ಬೆಲ್ಲದ ಪುಡಿ ಜೊತೆ ಕಲಸಿದರೆ ಆಯಿತು, ರಾತ್ರಿ ಎರಡಕ್ಕೆ ಯಾವ ಅಂಗಡಿಯನ್ನೂ ಹುಡುಕಬೇಕಿಲ್ಲ.

ಶೂ ಮತ್ತು ಓಡುವ ಬಟ್ಟೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ನನ್ನ ದೊಡ್ಡ ಸೂಟ್‌ಕೇಸ್ ನಡುವಿನ ವಿಮಾನ ನಿಲ್ದಾಣದಲ್ಲೇ ಉಳಿದು ಎರಡು ದಿನ ಬಿಟ್ಟು ಬಂತು. ಶೂ ನನ್ನ ಹೆಗಲಿನ ಚೀಲದಲ್ಲಿ ಇದ್ದಿದ್ದರಿಂದ 5ಕೆ ಉಳಿಯಿತು.

ಟ್ಯಾಂಪಾದಿಂದ ಆ ಬೆಳಗ್ಗೆ ಕಾರಿನಲ್ಲಿ ಬರುವ ಯೋಚನೆ ಬಿಡಿ. ನೂರು ಕಿಲೋಮೀಟರ್ ಮೇಲಿದೆ, ಅಲ್ಲಿಗೆ ಬಂದ ಮೇಲೆ ಓಟಕ್ಕಾಗಿ ರಸ್ತೆ ಮುಚ್ಚಿರುತ್ತಾರೆ. ಶುಕ್ರವಾರ ರಾತ್ರಿಯಾದರೂ ಡಿಸ್ನಿ ಹೋಟೆಲಿನಲ್ಲಿ ಉಳಿಯಿರಿ. ಅಲ್ಲಿಂದ ನಡುರಾತ್ರಿಯೇ ಬಸ್ ಬಿಡ್ತಾರೆ. ಬಿಬ್, ಅಂದರೆ ಎದೆ ಮೇಲೆ ಸಿಕ್ಕಿಸಿಕೊಳ್ಳುವ ನಂಬರಿನ ಚೀಟಿ, ತರಲು ಒಂದು ದಿನ ಮುಂಚೆಯೇ ನೀವೇ ಪಾಸ್‌ಪೋರ್ಟ್ ಹಿಡಿದು ಓಟದ ಮೇಳಕ್ಕೆ (ಎಕ್ಸ್‌ಪೋ) ಹೋಗಬೇಕು, ಅಣ್ಣನನ್ನು ಕಳಿಸಿದರೆ ಕೊಡಲ್ಲ. ದುಡ್ಡು: ಹಾಫ್ ಒಂದಕ್ಕೇ 200 ಡಾಲರ್ ದಾಟುತ್ತದೆ, ಪಾರ್ಕಿನ ಟಿಕೆಟ್ ಅದರಲ್ಲಿ ಸೇರಿಲ್ಲ. ನೋಂದಣಿ ಎಷ್ಟೋ ತಿಂಗಳು ಮೊದಲೇ ತೆರೆದು ಬೇಗ ತುಂಬಿಹೋಗುತ್ತದೆ. ವೀಸಾ ಕೈಗೆ ಬಂದ ಮೇಲೆ ನೋಂದಣಿ ಮಾಡಿ, ಉಲ್ಟಾ ಬೇಡ.

ಈಗ ಆ ಬೆಳಗಿನ ಬಗ್ಗೆ. ಮೂರೂವರೆಗೆ ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳಲ್ಲಿ ಒಂದಾದ ಎಪ್ಕಾಟ್ ಹೊರಗಿನ ಬಯಲಿನಲ್ಲಿ ಸಾವಿರಾರು ಜನ ನಿಂತಿದ್ದರು. ನನಗೆ ಥಟ್ಟನೆ ಕರಗ ನೆನಪಾಯಿತು. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿ ಮುಂದೆ ತಿಗಳರಪೇಟೆಯಲ್ಲಿ ನಿದ್ದೆಗೆಟ್ಟು ನಿಂತ ಜನರ ಮುಖದಲ್ಲಿ ಇರುತ್ತದಲ್ಲ ಒಂದು ಬೆಳಕು, ಅದೇ. ಚಳಿ ಮಾತ್ರ ನಮ್ಮದಲ್ಲ. ಫ್ಲೋರಿಡಾ ಅಂದರೆ ಬಿಸಿಲು ಅಂದುಕೊಂಡಿದ್ದೆ. ಜನವರಿ ನಸುಕಿನಲ್ಲಿ ಐದಾರು ಡಿಗ್ರಿಗೂ ಇಳಿಯುತ್ತದೆ, ಇನ್ನೊಂದು ವರ್ಷ ಇಪ್ಪತ್ತಿದ್ದು ಬೆವರು ಸುರಿಯುತ್ತದೆ. ಮನೆಯವರ ಹಳೆಯ ಉಣ್ಣೆ ಸ್ವೆಟರ್ ಹಾಕಿಕೊಂಡು ಹೋಗಿದ್ದೆ, ಮೊಣಕೈ ಹತ್ತಿರ ಹರಿದಿತ್ತು. ಹೊರಡುವ ಮುಂಚೆ ಎಲ್ಲರೂ ಇಂಥ ಬಟ್ಟೆ ಬೇಲಿ ಮೇಲೆ ಬಿಡ್ತಾರೆ, ಅದು ದಾನಕ್ಕೆ ಹೋಗುತ್ತದೆ. ನಾನೂ ಬಿಟ್ಟೆ. ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿ ತನ್ನ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆಯ ಅರ್ಧವನ್ನು ನನ್ನ ಹೆಗಲಿಗೂ ಹಾಕಿದರು. ಇಬ್ಬರೂ ಒಂದೇ ಹೊದಿಕೆಯಲ್ಲಿ ಅರ್ಧ ಗಂಟೆ ನಿಂತೆವು. ಪ್ರತಿ ಗುಂಪು ಹೊರಡುವಾಗಲೂ ಪಟಾಕಿ ಹಾರುತ್ತದೆ, ಮೊದಲ ಗುಂಪಿಗೆ ಮಾತ್ರ ಅಲ್ಲ. ಹಿಂದಿನವರಿಗೂ ಅಷ್ಟೇ ಮರ್ಯಾದೆ. ಅದು ನನಗೆ ತುಂಬಾ ಇಷ್ಟವಾಯಿತು.

ಮೊದಲ ಏಳೆಂಟು ಕಿಲೋಮೀಟರ್ ಬರೀ ಹೈವೇ, ಇದನ್ನು ಯಾರೂ ಮೊದಲು ಹೇಳುವುದಿಲ್ಲ. ನಸುಕಿನ ನೈಸ್ ರಸ್ತೆ ಇದ್ದ ಹಾಗೆ, ಕತ್ತಲೆ, ಎರಡೂ ಕಡೆ ಮರ. ಏರು ಅಂದರೆ ಫ್ಲೈಓವರ್‌ಗಳು ಮಾತ್ರ. ಬೆಂಗಳೂರಿನ ದಿಣ್ಣೆ ಹತ್ತಿದ ಕಾಲಿಗೆ ಅದೇನೂ ಅಲ್ಲ. ಆಮೇಲೆ ಇನ್ನೊಂದು ಪಾರ್ಕ್ ಆದ ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಹೋಗಿ ಬಲಕ್ಕೆ ತಿರುಗಿದಾಗ ಮೇನ್ ಸ್ಟ್ರೀಟ್. ಕತ್ತಲೆಯಿಂದ ಒಂದೇ ಸಲ ದೀಪದ ಬೀದಿಗೆ ಬಂದುಬಿಡ್ತೀರಿ. ಎರಡೂ ಕಡೆ ಜನ ಒತ್ತೊತ್ತಿ ನಿಂತು ಕೂಗ್ತಿರ್ತಾರೆ, ಬೀದಿ ಕೊನೆಯಲ್ಲಿ ಸಿಂಡ್ರೆಲಾ ಕೋಟೆ ಬೆಳಗ್ತಿರುತ್ತದೆ. ಆ ಕೋಟೆಯ ಒಳಗಿನಿಂದಲೇ ಓಡಿಸುತ್ತಾರೆ. ಒಳಗೆ ಗೋಡೆ ಮೇಲೆ ಪುಟ್ಟ ಪುಟ್ಟ ಬಣ್ಣದ ಗಾಜಿನ ಚೂರು ಕೂರಿಸಿದ ಚಿತ್ರಗಳಿವೆ. ನಾನು ಗಡಿಯಾರ ನೋಡಲಿಲ್ಲ. ನಿಂತು ಗೋಡೆ ಮುಟ್ಟಿದೆ, ಗಾಜು ತಣ್ಣಗಿತ್ತು. ಆ ಅರ್ಧ ನಿಮಿಷ ಕೊಡಲು ನನ್ನ ಹತ್ತಿರ ಸಮಯ ಇತ್ತು. ನಾಲ್ಕು ಓಟದ ಆಯಾಸದಲ್ಲಿ ಬಂದಿದ್ದರೆ ನಿಲ್ಲುವ ಧೈರ್ಯ ಇರ್ತಿರಲಿಲ್ಲ.

ಕೊನೆಯಲ್ಲಿ ಎಪ್ಕಾಟ್ ಒಳಗೆ ಒಂದು ಸುತ್ತು. ಮುಗಿಯಲು ಸ್ವಲ್ಪ ದೂರ ಇರುವಾಗ ಉದ್ದ ನಿಲುವಂಗಿ ತೊಟ್ಟ ಚರ್ಚ್ ಗಾಯಕರ ಗುಂಪು ಕೈ ತಟ್ಟಿ ಹಾಡುತ್ತಿರುತ್ತದೆ. ಕಾಲು ನೋವು ಅಲ್ಲಿಗೆ ಮರೆತುಹೋಯಿತು. ಹಾಫ್‌ನ ಪದಕ ಡೊನಾಲ್ಡ್ ಬಾತುಕೋಳಿಯದು, ಫುಲ್‌ನದು ಮಿಕ್ಕಿಯದು.

ಒಂದು ಎಚ್ಚರಿಕೆ ಮನಸ್ಸಿನಲ್ಲಿರಲಿ. 2017ರಲ್ಲಿ ಸಿಡಿಲಿನ ಭಯಕ್ಕೆ ಹಾಫ್ ಪೂರ್ತಿ ರದ್ದಾಯಿತು. 2024ರಲ್ಲಿ ಹವಾಮಾನ ನೋಡಿ ದೂರವನ್ನೇ ಕಡಿಮೆ ಮಾಡಿದರು. ಇಷ್ಟು ಖರ್ಚು ಮಾಡಿ ಹೋಗಿ ಹಾಗಾದರೆ ಸಂಕಟ ಆಗುತ್ತದೆ, ಅಲ್ವಾ. ಗುರುವಾರದ 5ಕೆ ಜೊತೆಗಿರಲಿ ಅನ್ನಲು ಇದೂ ಒಂದು ಕಾರಣ. ಒಂದು ಬೆಳಗ್ಗೆ ಹೋದರೂ ಇನ್ನೊಂದು ಕೈಯಲ್ಲಿರುತ್ತದೆ.

ಭಾನುವಾರ ನೀವು ಓಡದಿದ್ದರೂ ಹಾಸಿಗೆಯಲ್ಲಿ ಇರಬೇಡಿ. ಮಧ್ಯಾಹ್ನದ ಹೊತ್ತಿಗೆ ಎಪ್ಕಾಟ್ ಪಾರ್ಕಿಂಗ್ ಜಾಗದಲ್ಲಿರುವ ಮುಕ್ತಾಯದ ಗೆರೆ ಹತ್ತಿರ ಅಣ್ಣನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ. ಫುಲ್‌ನ ಕೊನೆಯವರು ಏಳು ಗಂಟೆ ರಸ್ತೆಯಲ್ಲಿದ್ದು ಆಗ ಬರುತ್ತಾರೆ. ನಾನು ನಿಂತಿದ್ದಾಗ ಬಲೂನಿನವರಿಗಿಂತ ಹತ್ತು ಹೆಜ್ಜೆ ಮುಂದೆ ಒಬ್ಬರು ಕುಂಟುತ್ತಾ ಬಂದರು, ಒಂದು ಶೂವಿನ ಲೇಸ್ ಬಿಚ್ಚಿ ನೆಲಕ್ಕೆ ಬಡಿಯುತ್ತಿತ್ತು, ಬಗ್ಗಿ ಕಟ್ಟುವ ಶಕ್ತಿ ಇರಲಿಲ್ಲ. ಗುರುತಿಲ್ಲದ ನೂರಾರು ಜನ ಅವರನ್ನು ಹೆಸರು ಹಿಡಿದು ಕೂಗಿದರು. ಬಿಬ್ ಮೇಲೆ ಹೆಸರು ದೊಡ್ಡದಾಗಿ ಅಚ್ಚಾಗಿರುತ್ತದೆ. ನೀವೂ ಓದಿ ಕೂಗಿ, ಅವರು ತಲೆ ಎತ್ತಿ ನೋಡ್ತಾರೆ.