ಸ್ಟೆಂಟ್ ಹಾಕಿ ಚೆನ್ನಾಗಿದ್ದವರಿಗೆ ಐದನೇ ದಿನ ಹೃದಯದ ಗೋಡೆ ತೂತಾಗುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. 68 ವರ್ಷದ ತಂದೆಯವರು ಎದೆನೋವನ್ನು ಗ್ಯಾಸ್ ಅಂದುಕೊಂಡು ಎರಡು ದಿನ ಮನೆಯಲ್ಲೇ ಇದ್ದರು, ಆಮೇಲೆ ಆಸ್ಪತ್ರೆಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡರು, ಎದ್ದು ಕೂತು ಇಡ್ಲಿ ತಿಂದರು, ಐದನೇ ದಿನ ಬಿಪಿ ಬಿದ್ದು ಹೃದಯದ ನಡುಗೋಡೆ, ಅಂದರೆ ಎಡ ಬಲ ಕೋಣೆಗಳ ನಡುವಿನ ಗೋಡೆ, ತೂತಾಗಿದೆ ಅಂದರು. ಸ್ಟೆಂಟ್ ಹಾಕುವಾಗ ಚುಚ್ಚಿರಬಹುದೇ, ತೂತಿದ್ದ ಮೇಲೆ ತಕ್ಷಣ ಆಪರೇಷನ್ ಮಾಡದೆ ಯಾಕೆ ಕಾಯುತ್ತಿದ್ದಾರೆ, ಅಪ್ಪನಿಗೆ ವಿಷಯ ಹೇಳಬೇಕೇ ಬೇಡವೇ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಹೃದ್ರೋಗದ ಐಸಿಯುನಲ್ಲಿ 14 ವರ್ಷದಿಂದ ಸ್ಟಾಫ್ ನರ್ಸ್. ನಿಮ್ಮ ತಂದೆಯವರ ಎಕೋ (ಹೃದಯದ ಸ್ಕ್ಯಾನ್) ನಾನು ನೋಡಿಲ್ಲ, ಹಾಗಾಗಿ ಅವರ ವಿಷಯದಲ್ಲಿ ಅಲ್ಲಿನ ಡಾಕ್ಟರ ಮಾತೇ ಕೊನೆ. ಈ ಕಾಯಿಲೆ ಹೇಗಿರುತ್ತದೆ ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಮೊದಲು ಚುಚ್ಚುವ ವಿಷಯ. ಸ್ಟೆಂಟಿನ ತಂತಿ ಓಡಾಡುವುದು ಹೃದಯಕ್ಕೆ ರಕ್ತ ಕೊಡುವ ನಾಳದೊಳಗೆ. ಅದು ನಾಳವನ್ನು ಚುಚ್ಚಿದರೆ ರಕ್ತ ಹೃದಯದ ಹೊರಚೀಲದಲ್ಲಿ ತುಂಬಿಕೊಳ್ಳುತ್ತದೆ, ಸಾಮಾನ್ಯವಾಗಿ ಟೇಬಲ್ ಮೇಲೇ ಇಲ್ಲವೇ ಕೆಲವು ಗಂಟೆಗಳಲ್ಲಿ ಗೊತ್ತಾಗುತ್ತದೆ. ಐದನೇ ದಿನ ನಡುಗೋಡೆ ಬಿಡುವುದು ಬೇರೆಯೇ ಕಥೆ. ಹಾರ್ಟ್ ಅಟ್ಯಾಕಿನಲ್ಲಿ ನಾಳ ಕಟ್ಟಿಕೊಂಡಾಗ ಅದರ ಕೆಳಗಿನ ಮಾಂಸಖಂಡ ಸಾಯುತ್ತದೆ. ಸತ್ತದ್ದನ್ನು ಕರಗಿಸಿ ಸಾಗಿಸಲು ಬಿಳಿ ರಕ್ತಕಣಗಳು ಬರುತ್ತವೆ. ಆ ಜಾಗದಲ್ಲಿ ಗಟ್ಟಿ ಗಾಯದ ಕಲೆ ಕಟ್ಟಲು ವಾರಗಳು ಬೇಕು. ಹಳೆಯದು ಕರಗಿ ಹೊಸದು ಇನ್ನೂ ಕಟ್ಟದ ಆ ನಡುವಿನ ದಿನಗಳೇ ಅಪಾಯದವು. ಕೆಲವರಿಗೆ ಮೊದಲ 24 ಗಂಟೆಯಲ್ಲೇ ಆಗುತ್ತದೆ, ಇನ್ನು ಕೆಲವರಿಗೆ ಮೂರರಿಂದ ಐದನೇ ದಿನದ ಹೊತ್ತಿಗೆ, ಅಪರೂಪಕ್ಕೆ ಎರಡು ವಾರದವರೆಗೂ. ಸ್ಟೆಂಟ್ ಹಾಕಿದರಲ್ಲ ಅನ್ನಬಹುದು. ಪೈರು ಒಣಗಿದ ಮೇಲೆ ಕಾಲುವೆಗೆ ನೀರು ಬಿಟ್ಟ ಹಾಗೆ ಅದು. ನಾಳ ತೆರೆದಿದೆ, ಆ ಎರಡು ದಿನದಲ್ಲಿ ಸತ್ತ ಮಾಂಸ ಮರಳಿ ಬರುವುದಿಲ್ಲ. ಬೇಗ ನಾಳ ತೆರೆದವರಲ್ಲಿ ಇದು ತೀರಾ ಅಪರೂಪ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ 41,021 ಜನರ ಗಸ್ಟೋ ಅಧ್ಯಯನದಲ್ಲಿ 84 ಮಂದಿಗಷ್ಟೇ ನಡುಗೋಡೆ ಬಿಟ್ಟಿತ್ತು. ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವುದೂ ಈ ಮೊದಲ ಗಂಟೆಗಳನ್ನು ಉಳಿಸಿಕೊಳ್ಳಲಿಕ್ಕೇ. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಗ್ಯಾಸ್ ಅಂದುಕೊಳ್ಳದ ಮನೆಯನ್ನು ನಾನಿನ್ನೂ ನೋಡಿಲ್ಲ.

ಇಷ್ಟು ವರ್ಷದಲ್ಲಿ ನಾನು ಕಂಡ ಇಂಥ ಕೇಸುಗಳು ಬೆರಳೆಣಿಕೆಯವು. ಅದರಲ್ಲಿ ಕಡೂರು ಕಡೆಯ ಒಬ್ಬ ಅಜ್ಜಿ ಮರೆಯುವುದಿಲ್ಲ. ಮೂರು ದಿನ ಓಮದ ಕಷಾಯ ಕುಡಿದುಕೊಂಡಿದ್ದು ನಾಲ್ಕನೇ ದಿನ ಬಂದವರು. ನನ್ನದು ನೈಟ್ ಡ್ಯೂಟಿ. ಬೆಳಗಿನ ಜಾವ ಮೂರಕ್ಕೆ ಮಾನಿಟರಿನಲ್ಲಿ ಬಿಪಿ 80ಕ್ಕೆ ಇಳಿದಿತ್ತು, ಕೈಕಾಲು ತಣ್ಣಗೆ. ಇಸಿಜಿ ಎಲೆಕ್ಟ್ರೋಡ್ ಸರಿಮಾಡಲು ಎದೆಮೂಳೆಯ ಎಡಗಡೆ ಕೈ ಇಟ್ಟೆ. ಅಂಗೈ ಕೆಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರಿತು. ಸಂಜೆ ಅದು ಇರಲಿಲ್ಲ. ಡ್ಯೂಟಿ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ಒಂದು ಮಾತೂ ಆಡದೆ ಎಕೋ ಮೆಷಿನ್ ಎಳೆದುಕೊಂಡು ಬಂದರು. ಪರದೆಯ ಮೇಲೆ ಎಡದ ಕೋಣೆಯಿಂದ ಬಲದ ಕೋಣೆಗೆ ಬಣ್ಣಬಣ್ಣದ ಚಿಲುಮೆ. ಎಡಗಡೆ ಒತ್ತಡ 120ರ ಸುತ್ತ ಇರುವಂಥದ್ದು, ಬಲಗಡೆ 25ರ ಸುತ್ತ. ತೂತು ಬಿದ್ದರೆ ರಕ್ತ ಮೈಗೆ ಹೋಗುವ ಬದಲು ಬಲಕ್ಕೆ ನುಗ್ಗಿ ಪುನಃ ಶ್ವಾಸಕೋಶವನ್ನೇ ಸುತ್ತುತ್ತದೆ. ಶ್ವಾಸಕೋಶ ತುಂಬಿ ತುಳುಕುತ್ತದೆ, ಕಿಡ್ನಿ ಒಣಗುತ್ತದೆ.

ಇದಕ್ಕೆ ಇಬ್ಬರು ದಾಯಾದಿಗಳಿದ್ದಾರೆ, ಅಂದರೆ ಅಟ್ಯಾಕ್ ಆದ ಮೇಲೆ ಹೀಗೇ ಬರುವ ಇನ್ನೆರಡು ತೊಂದರೆಗಳು. ಒಂದು, ಹೃದಯದ ಎಡಗಡೆಯ ಮೈಟ್ರಲ್ ಕವಾಟವನ್ನು ಹಿಡಿದಿರುವ ಸಣ್ಣ ಸ್ನಾಯು ಹರಿಯುವುದು. ಅದರಲ್ಲಿ ಹಿಂಬದಿಯ ಸ್ನಾಯುವಿಗೆ ಹೆಚ್ಚಿನವರಲ್ಲಿ ಒಂದೇ ನಾಳದಿಂದ ರಕ್ತ, ಆದ್ದರಿಂದ ಅದೇ ಜಾಸ್ತಿ ಹರಿಯುವುದು. ಅಲ್ಲಿ ಎದೆಯಲ್ಲಿ ದೊಡ್ಡ ಸದ್ದೂ ಇರದೇ ಇರಬಹುದು, ಒಮ್ಮೆಲೇ ಉಸಿರು ಕಟ್ಟಿ ನೊರೆ ಬರುತ್ತದೆ. ಇನ್ನೊಂದು ಹೊರಗೋಡೆಯೇ ಒಡೆಯುವುದು. ಅದಕ್ಕೆ ಬಹಳ ಸಲ ನಮಗೆ ಸಮಯವೇ ಸಿಗುವುದಿಲ್ಲ.

ಈಗ ಕಾಯುವ ವಿಷಯ. ತೂತಿನ ಸುತ್ತಲಿನ ಮಾಂಸ ಈಗ ಬೆಣ್ಣೆ. ಬೆಣ್ಣೆಗೆ ಹೊಲಿಗೆ ಹಾಕಿದರೆ ದಾರವೇ ಅದನ್ನು ಸೀಳಿಕೊಂಡು ಬರುತ್ತದೆ. ಒಂದೆರಡು ವಾರ ಕಳೆದರೆ ಅಂಚು ಗಟ್ಟಿಯಾಗಿ ಹೊಲಿಗೆ ನಿಲ್ಲುತ್ತದೆ. ಅಮೆರಿಕದ ಸರ್ಜನ್ ಡೆಂಟನ್ ಕೂಲಿ ಇಂಥ ತೂತನ್ನು ಮುಚ್ಚಿದ ಮೊದಲ ವರದಿ 1957ರದು. ಆಮೇಲೆ ಟೊರಾಂಟೊದ ಸರ್ಜನ್ ಟಿರೋನ್ ಡೇವಿಡ್ ಸತ್ತ ಭಾಗಕ್ಕೆ ಹೊಲಿಗೆ ಹಾಕುವುದನ್ನೇ ಬಿಟ್ಟು, ಸುತ್ತಲಿನ ಗಟ್ಟಿ ಮಾಂಸಕ್ಕೆ ದೊಡ್ಡ ತೇಪೆ ಹೊಲಿದು ಸತ್ತದ್ದನ್ನು ಹೊರಗಿಡುವ ಕ್ರಮ ರೂಢಿಗೆ ತಂದರು. ಹಾಗಿದ್ದೂ ಇದು ಹೃದಯದ ಆಪರೇಷನ್‌ಗಳಲ್ಲೇ ಅತಿ ಕಷ್ಟದ್ದು. ಅಮೆರಿಕದಲ್ಲಿ 1999ರಿಂದ 2010ರವರೆಗೆ ಆಪರೇಷನ್ ಆದ 2,876 ಜನರ ಲೆಕ್ಕದಲ್ಲಿ ಶೇ. 43ರಷ್ಟು ಮಂದಿ ಉಳಿಯಲಿಲ್ಲ. ಅಟ್ಯಾಕ್ ಆಗಿ ಏಳು ದಿನದೊಳಗೆ ಮಾಡಿದ್ದರಲ್ಲಿ ಶೇ. 54, ಏಳು ದಿನ ಕಳೆದು ಮಾಡಿದ್ದರಲ್ಲಿ ಶೇ. 18.

ಈ ಕೊನೆಯ ಎರಡು ಅಂಕಿಗಳನ್ನು ನೋಡಿ ‘ಹಾಗಾದರೆ ಕಾದರೆ ಸಾಕು’ ಅಂದುಕೊಳ್ಳಬೇಡಿ. ನಮ್ಮ ಕಿರಿಯ ಡಾಕ್ಟರುಗಳೂ ಇಲ್ಲೇ ಎಡವುತ್ತಾರೆ. ಕಾಯುತ್ತಾ ಕಾಯುತ್ತಾ ತೀರಿಕೊಂಡವರು ಆಪರೇಷನ್ ಪಟ್ಟಿಗೆ ಬರುವುದೇ ಇಲ್ಲ. ಏಳು ದಿನ ದಾಟಿದವರು ಮೊದಲೇ ಗಟ್ಟಿ ಜೀವಗಳು. ತೀರಾ ಕೆಟ್ಟವರನ್ನು ವಿಧಿಯಿಲ್ಲದೆ ಬೇಗ ಒಳಗೆ ಒಯ್ದಿರುತ್ತಾರೆ. ಆಪರೇಷನ್ನೇ ಬೇಡವೆಂದು ಬಿಟ್ಟರೆ ಉಳಿಯುವವರು ವಿರಳ. ಅಂದರೆ ಅವರು ಕಾಯುತ್ತಿರುವುದು ಸುಮ್ಮನೆ ಕೂತಲ್ಲ, ದಿನದಿನವೂ ಲೆಕ್ಕ ಹಾಕುತ್ತಾ.

ಆ ಲೆಕ್ಕ ಏನೆಂದು ಕೇಳಿ. ಅಜ್ಜಿಗೆ ತೊಡೆಸಂದಿಯಿಂದ ಹೃದಯದ ದೊಡ್ಡ ರಕ್ತನಾಳದೊಳಗೆ ಬಲೂನ್ ಪಂಪ್ ಇಳಿಸಿದ್ದರು. ಹೃದಯ ಹಿಂಡುವ ಹೊತ್ತಿಗೆ ಅದು ಕುಗ್ಗಿ ರಕ್ತಕ್ಕೆ ಮುಂದಿನ ದಾರಿ ಸಲೀಸು ಮಾಡುತ್ತದೆ, ಆಗ ತೂತಿನ ಕಡೆ ನುಗ್ಗುವುದು ಕಡಿಮೆಯಾಗುತ್ತದೆ. ಒಂಬತ್ತು ದಿನ ನಾವು ಗಂಟೆಗಂಟೆಗೆ ಬರೆದದ್ದು ಮೂತ್ರ ಎಷ್ಟು ಎಂಎಲ್ ಅಂತ. ಗಂಟೆಗೆ 30ಕ್ಕಿಂತ ಕೆಳಗೆ ಬಂದರೆ ಸರ್ಜನ್‌ಗೆ ಫೋನ್. ನಿಮ್ಮಲ್ಲೂ ಮೂತ್ರ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ಪರೀಕ್ಷೆ), ಲ್ಯಾಕ್ಟೇಟ್ (ಮೈಗೆ ರಕ್ತ ಸಾಲದಿದ್ದರೆ ಏರುವುದು) ಎಷ್ಟಿದೆ ಅಂತ ದಿನಾ ಕೇಳಿ. ತೂತು ಹೃದಯದ ತುದಿಯಲ್ಲೋ ಬುಡದಲ್ಲೋ ಕೇಳಿ. ಮುಂಭಾಗದ ಅಟ್ಯಾಕ್ ಆಗಿದ್ದರೆ ಸಾಮಾನ್ಯವಾಗಿ ತುದಿಯಲ್ಲಿರುತ್ತದೆ, ಕೆಳಭಾಗದ್ದಾದರೆ ಬುಡದಲ್ಲಿ, ಅದನ್ನು ಮುಚ್ಚುವುದು ಹೆಚ್ಚು ಕಷ್ಟ. ಹದಗೆಟ್ಟರೆ ಎಕ್ಮೋ (ಹೃದಯ, ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಯಂತ್ರ) ಅಲ್ಲೇ ಇದೆಯೋ, ಬೇರೆ ಕಡೆ ಒಯ್ಯಬೇಕೋ ಅನ್ನುವುದನ್ನೂ ಇವತ್ತೇ ಕೇಳಿಟ್ಟುಕೊಳ್ಳಿ. ಕ್ಯಾಥೆಟರ್ ಮೂಲಕ ಕೊಡೆಯಂಥ ಡಿವೈಸ್ ಹಾಕಿ ಮುಚ್ಚುವ ದಾರಿಯೂ ಉಂಟು. ಅಂಚು ಹಸಿಯಿರುವಾಗ ಅದು ಜಾರುವ, ಸೋರುವ ಭಯವಿದೆ.

ಹತ್ತನೇ ದಿನ ಅಜ್ಜಿಗೆ ಆಪರೇಷನ್ ಆಯಿತು, 26ನೇ ದಿನ ಮನೆಗೆ ಹೋದರು.

ಅಪ್ಪನಿಗೆ ಹೇಳಬೇಕೇ ಅಂತ ಕೇಳಿದ್ದಿರಲ್ಲ. ಅಜ್ಜಿಯ ಮಕ್ಕಳೂ ಹೇಳಿರಲಿಲ್ಲ, ‘ನಂಜು ಆಗಿದೆಯಂತೆ’ ಅಂದಿದ್ದರು. ಆಪರೇಷನ್ ಹಿಂದಿನ ರಾತ್ರಿ ಬೆಡ್‌ಶೀಟ್ ಬದಲಿಸುವಾಗ ಅಜ್ಜಿ ನನ್ನ ಕೈ ಹಿಡಿದು ಎದೆ ಮೇಲೆ ಇಟ್ಟುಕೊಂಡರು. “ನೋಡು ಮಗಾ, ಒಳಗೆ ಏನೋ ಹರಿದೈತೆ, ಗಿರಣಿ ಓಡಿದಂಗೆ ಓಡ್ತೈತೆ. ಹುಡುಗರಿಗೆ ಹೇಳಬ್ಯಾಡ, ಹೆದರ್ಕೊಂಡಾರು” ಅಂದರು.