ಪಾಸಿಟಿವ್ ಎಂದರೆ ಒಳ್ಳೆಯದಲ್ಲವೇ?

(ರಾಣೆಬೆನ್ನೂರಿನ ಕಡೆಯ ನಿವೃತ್ತ ಶಾಲಾ ಶಿಕ್ಷಕರೊಬ್ಬರ ಆರು ಪುಟದ ಪತ್ರದ ಸಾರ: ಅವರ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡು, ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷೆ, ಆಯಿತು. ವರದಿ ತರಲು ಹೋದಾಗ ಯುವ ವೈದ್ಯರು "ಪಾಸಿಟಿವ್ ಬಂದಿದೆ, ಆಂಕಾಲಜಿಗೆ ಹೋಗಿ ತೋರಿಸಿ" ಎಂದು ಕ್ಯಾನ್ಸರ್ ವಿಭಾಗಕ್ಕೆ ಚೀಟಿ ಕೊಟ್ಟು ಮುಂದಿನವರನ್ನು ಕರೆದರು. ಪಾಸಿಟಿವ್ ಎಂದರೆ ಒಳ್ಳೆಯ ಸುದ್ದಿ ಎಂದುಕೊಂಡ ಅಕ್ಕ ಊರಿಗೆ ಮರಳಿ ಹನುಮಪ್ಪನ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿದರು. ಹನ್ನೊಂದು ದಿನ ಕಳೆದ ಮೇಲೆ, ಕಾಲೇಜಿಗೆ ಹೋಗುವ ಮೊಮ್ಮಗ ವರದಿ ಓದಿದಾಗ ಅದು ಕ್ಯಾನ್ಸರ್ ಎಂಬ ನಿಜ ಮನೆಯವರಿಗೆ ತಿಳಿಯಿತು. "ರೋಗಿಯ ಜೊತೆ ಮಾತನಾಡುವುದನ್ನೂ ಈಗ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ. ಮಾತು ಸಂಸ್ಕಾರದಿಂದ ಬರುವಂಥದ್ದು, ಪಾಠದಿಂದ ಬರುತ್ತದೆಯೇ? ನಮ್ಮೂರಿನ ಹಳೆಯ ಡಾಕ್ಟರಿಗೆ ಯಾವ ಕಾಲೇಜು ಇದನ್ನು ಕಲಿಸಿತ್ತು?" ಎಂದು ಅವರು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.)

ಮಾನ್ಯ ಮಾಸ್ತರರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಹಣ್ಣುಕಾಯಿಯ ಸಾಲು ಬಂದಾಗ ಪುಟ ಕಟ್ಟುವ ಹುಡುಗ ನಕ್ಕುಬಿಟ್ಟ. ಮುಂದಿನ ಸಾಲಿಗೆ ತಲೆ ತಗ್ಗಿಸಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಪಾಸಿಟಿವ್ ಆಗಿ ಯೋಚಿಸಿ ಎಂದು ಉಪದೇಶಿಸದ ಭಾಷಣಕಾರ ನಮ್ಮ ನಾಡಿನಲ್ಲಿ ಯಾರಿದ್ದಾರೆ? ಆ ಪದ ಪ್ರಯೋಗಾಲಯದ ಬಾಗಿಲು ದಾಟಿದೊಡನೆ ತಿರುಗಿ ಬೀಳುತ್ತದೆ ಎಂದು ನಿಮ್ಮ ಅಕ್ಕನವರಿಗೆ ಹೇಗೆ ತಿಳಿಯಬೇಕು?

ಆದರೆ ಒಂದು ಮಾತು. ಆ ಯುವ ವೈದ್ಯ ಒರಟಾಗಿ ಮಾತನಾಡಲಿಲ್ಲ, "ಕುಳಿತುಕೊಳ್ಳಿ ಅಮ್ಮಾ" ಎಂದೇ ಶುರು ಮಾಡಿದ ಎಂದು ನೀವೇ ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಅಂದ ಮೇಲೆ ಅವನ ಸಂಸ್ಕಾರಕ್ಕೆ ಏನಾಗಿತ್ತು? ಅವನು ಬಿಟ್ಟದ್ದು ಒಂದೇ ಒಂದು ಪ್ರಶ್ನೆಯನ್ನು: "ಅಮ್ಮಾ, ಈಗ ನಾನು ಹೇಳಿದ್ದನ್ನು ಮನೆಗೆ ಹೋಗಿ ತಮ್ಮನಿಗೆ ಹೇಗೆ ಹೇಳುತ್ತೀರಿ?" ಇದನ್ನು ಕೇಳಿದ್ದರೆ ಹನ್ನೊಂದು ದಿನ ಉಳಿಯುತ್ತಿತ್ತು. ರೋಗಿಯನ್ನು ಮುಟ್ಟುವ ಮುನ್ನ ಕೈ ತೊಳೆಯುವಂತೆ, ಇದೂ ಒಂದು ರೂಢಿ. ರೂಢಿಯನ್ನು ಯಾರಾದರೂ ಮಾಡಿಸಬೇಕು. ನೀವು ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರು. ದುಂಡಗಿನ ಅಕ್ಷರ ಹುಟ್ಟಿನಿಂದ ಬರುತ್ತದೆ ಎಂದು ಯಾವ ಮಗುವನ್ನೂ ಅದರ ಪಾಡಿಗೆ ಬಿಟ್ಟವರಲ್ಲ.

ತಿದ್ದಿಸಿದರೆ ಬರುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಬ್ರಿಟನ್ನಿನ 34 ಕ್ಯಾನ್ಸರ್ ಕೇಂದ್ರಗಳ 160 ತಜ್ಞರನ್ನು ಸೇರಿಸಿಕೊಂಡು ನಡೆಸಿದ ಪರೀಕ್ಷೆಯೊಂದು 2002ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮೂರು ದಿನದ ತರಬೇತಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ; ಆಮೇಲೆ ಎರಡೂ ಗುಂಪಿನವರು ನಿಜವಾದ ರೋಗಿಗಳೊಂದಿಗೆ ಆಡಿದ ಮಾತನ್ನು ಚಿತ್ರೀಕರಿಸಿ ತೂಗಿ ನೋಡಿದರು. ತರಬೇತಿ ಪಡೆದವರ ಮಾತು ಸುಧಾರಿಸಿತ್ತು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಅವರು ಕಂಡುಕೊಂಡ ಇನ್ನೊಂದು ಸಂಗತಿ: ಹಿರಿಯ ವೈದ್ಯರ ಮಾತಿನ ತೊಡಕುಗಳು ಬರಿಯ ಅನುಭವದಿಂದ, ವಯಸ್ಸಿನಿಂದ ನೀಗುವುದಿಲ್ಲ. ಇಪ್ಪತ್ತು ವರ್ಷ ತಪ್ಪಾಗಿ ಬರೆದ ಅಕ್ಷರ ಇಪ್ಪತ್ತೊಂದನೆಯ ವರ್ಷ ತಾನಾಗಿ ದುಂಡಗಾಗುವುದಿಲ್ಲವಷ್ಟೆ.

ಇನ್ನು ನಮ್ಮಲ್ಲಿ ಏನಿದೆ ಎಂದು ಕೇಳಿದ್ದೀರಿ. ಕಾಗದದ ಮೇಲೆ ಎಲ್ಲವೂ ಇದೆ. 2019ರಲ್ಲಿ ಎಂಬಿಬಿಎಸ್ ಸೇರಿದ ತಂಡದಿಂದ ದೇಶಾದ್ಯಂತ ಹೊಸ ಪಠ್ಯಕ್ರಮ ಬಂತು. ಅದರಲ್ಲಿ ಮನೋಭಾವ, ನೀತಿ, ಸಂವಹನ ಎಂಬ ಮೂರನ್ನು ಹೆಣೆದ ಘಟಕಗಳಿವೆ, ಒಟ್ಟು 27. ರೋಗಿಯಾಗುವುದು ಎಂದರೇನು ಎಂಬುದು ಮೊದಲ ವರ್ಷದ ಒಂದು ಪಾಠ. ಕೊಯ್ದು ಕಲಿಯುವ ಶವವೇ ಮೊದಲ ಗುರು ಎಂಬುದು ಇನ್ನೊಂದು. ಮಾತಿನ ಪಾಠ ನಾಲ್ಕೂ ಹಂತಗಳಲ್ಲಿ ಬರುತ್ತದೆ. ಕೋರ್ಸಿನ ಆರಂಭದ ದಿನಗಳಲ್ಲಿ ಸ್ಥಳೀಯ ಭಾಷೆಯನ್ನೂ ಕಲಿಸಬೇಕು. ಆ ಮೊದಲ ತಂಡದವರು ಈಗ ವೈದ್ಯರಾಗಿ ಹೊರಬಂದಿದ್ದಾರೆ. ನಿಮ್ಮ ಅಕ್ಕನವರಿಗೆ ಚೀಟಿ ಕೊಟ್ಟವನೂ ಅವರಲ್ಲೊಬ್ಬನಿರಬಹುದು.

ಹಾಗಾದರೆ ಎಲ್ಲಿ ಸೋರುತ್ತಿದೆ? ನನ್ನ ಚಿಕ್ಕಪ್ಪನ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅವರು ಬೋಧನಾ ಆಸ್ಪತ್ರೆಯೊಂದರಲ್ಲಿ ಲಿವರ್ ಊದಿಕೊಂಡು ಮಲಗಿದ್ದರು. ಅಂತಿಮ ವರ್ಷದ ಪರೀಕ್ಷೆಗೆ ಅವರನ್ನೇ "ಕೇಸ್" ಮಾಡಿದರು. ಚಿಕ್ಕಪ್ಪನಿಗೆ ಅದೊಂದು ಗೌರವ. ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು ಕುಳಿತರು. ವಿದ್ಯಾರ್ಥಿನಿಯೊಬ್ಬಳು ಬಂದು ಮುಕ್ಕಾಲು ಗಂಟೆ ಒಬ್ಬಳೇ ಅವರ ಕಥೆ ಕೇಳಿದಳು, ಹೊಟ್ಟೆ ಮುಟ್ಟಿ ನೋಡಿದಳು. ಅವಳ ಕೈ ನಡುಗುವುದನ್ನು ಕಂಡು ಇವರೇ "ಲಿವರ್ ದೊಡ್ಡದಾಗಿದೆಯಂತೆ, ಬರೆದುಕೋ ಮಗಳೇ" ಎಂದು ಉತ್ತರವನ್ನೂ ಹೇಳಿಕೊಟ್ಟರಂತೆ. ಆಮೇಲೆ ಪರೀಕ್ಷಕರು ಬಂದರು. ಮಂಚದ ಕಾಲ ಬಳಿ ನಿಂತು ಇಂಗ್ಲಿಷಿನಲ್ಲಿ ಪ್ರಶ್ನೋತ್ತರ ನಡೆಯಿತು. ಲಿವರ್ ಪಕ್ಕೆಲುಬಿನ ಕೆಳಗೆ ಎಷ್ಟು ಬೆರಳು ಇಳಿದಿದೆ ಎಂದು ಕೇಳಿದರು, ಕಾರಣಗಳನ್ನು ಕೇಳಿದರು. ಚಿಕ್ಕಪ್ಪ ಕಟಕಟೆಯಲ್ಲಿ ನಿಂತವರಂತೆ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಹುಡುಗಿ ಪಾಸಾದಳು.

ಸಂಜೆ ನಾನು ಹೋದಾಗ ಚಿಕ್ಕಪ್ಪ ಪಿಸುಗುಟ್ಟಿದರು: "ಕುಡಿಯುತ್ತೀರಾ ಎಂದು ಕೇಳಿದಳು. ನಿನ್ನ ಚಿಕ್ಕಮ್ಮ ಪಕ್ಕದಲ್ಲೇ ಕುಳಿತಿದ್ದಳಲ್ಲ, ಇಲ್ಲ ಎಂದೆ."

ಮಾಸ್ತರರೇ, ಇಡೀ ವೈದ್ಯಕೀಯ ಶಿಕ್ಷಣದ ತೂತು ಈ ಒಂದು ಮಾತಿನಲ್ಲಿದೆ. ಆ ಮುಕ್ಕಾಲು ಗಂಟೆ ಅವಳು ಹೇಗೆ ಕೇಳಿದಳು, ಎಲ್ಲಿ ಕುಳಿತು ಕೇಳಿದಳು, ಯಾರ ಎದುರಿಗೆ ಕೇಳಿದಳು ಎಂಬುದನ್ನು ನೋಡಿದವರು ಯಾರೂ ಇಲ್ಲ. ಚಿಕ್ಕಮ್ಮನನ್ನು ಕಾಫಿ ತರಲು ಕಳುಹಿಸಿ ಆ ಪ್ರಶ್ನೆ ಕೇಳಬೇಕಿತ್ತು ಎಂದು ತಿದ್ದಿಸುವವರು ಪಕ್ಕದಲ್ಲಿ ಇರಲಿಲ್ಲ. ಮಗು ಮನೆಯಲ್ಲಿ ಬರೆದು ತಂದ ಕಾಪಿಯನ್ನಷ್ಟೇ ನೋಡಿ ಅಂಕ ಹಾಕಿದಂತೆ ಇದು.

ಬೇರೆ ಕಡೆ ಇದಕ್ಕೆ ಮದ್ದು ಹುಡುಕಿದ್ದಾರೆ. ಲಾಸ್ ಏಂಜಲೀಸಿನ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ 1963ರಲ್ಲಿ, ಚಿತ್ರಕಾರರಿಗೆ ರೂಪದರ್ಶಿಯಾಗಿದ್ದ ಮಹಿಳೆಯೊಬ್ಬರಿಗೆ ರೋಗಿಯಂತೆ ನಟಿಸಲು ಕಲಿಸಿದರು. ವಿದ್ಯಾರ್ಥಿ ಹೋದ ಮೇಲೆ, ಅವನು ತನ್ನನ್ನು ಹೇಗೆ ನಡೆಸಿಕೊಂಡ ಎಂದು ಆಕೆಯೇ ವರದಿ ಕೊಡುತ್ತಿದ್ದರು. ಆಗ ಸಹೋದ್ಯೋಗಿಗಳು ಇದನ್ನು ಹಾಲಿವುಡ್ ಹುಚ್ಚು ಎಂದು ಮೂದಲಿಸಿದರಂತೆ. 1975ರಲ್ಲಿ ಸ್ಕಾಟ್‌ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್, ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಾ ಪರೀಕ್ಷಕರ ಕಣ್ಣೆದುರೇ ಕೆಲಸ ಮಾಡಿ ತೋರಿಸುವ ಪರೀಕ್ಷೆಯನ್ನು ರೂಪಿಸಿದರು. ಆ ಪರೀಕ್ಷೆ ನಮ್ಮ ಕಾಲೇಜುಗಳಿಗೂ ಬಂದಿದೆ. ಆದರೆ ನಾನು ಕಂಡ ಕಡೆ ಆ ಮೇಜುಗಳ ಮೇಲೆ ಬಿಪಿ ಯಂತ್ರವೂ ಎಕ್ಸ್‌ರೇಯೂ ಇದ್ದವು, ಎದುರಿನ ಕುರ್ಚಿಯಲ್ಲಿ ಮಾತನಾಡುವ ಮನುಷ್ಯ ಇರಲಿಲ್ಲ.

ಭಾಷೆಯ ವಿಷಯದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ಹೊರರಾಜ್ಯದವರಿಗೆ ಕನ್ನಡ ಬಾರದಿರುವುದನ್ನು ಎಲ್ಲರೂ ಹೇಳುತ್ತಾರೆ. ಕನ್ನಡದ ಮಕ್ಕಳಿಗೇ ಕಾಯಿಲೆಯ ಕನ್ನಡ ಬರುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಕಡೆ ಬೇನೆ ಎಂದರೆ ನೋವು, ಜಡ್ಡು ಎಂದರೆ ಕಾಯಿಲೆ; ಮೈಸೂರಿನ ಕಡೆ ಬೆಳೆದ ಹುಡುಗಿಗೆ ಬೇನೆ ಎಂದೊಡನೆ ಹೆರಿಗೆ ನೆನಪಾಗುತ್ತದೆ. ಸಂಕಟ ಎಂದವರಿಗೆ ಎದೆಯಲ್ಲೋ ಹೊಟ್ಟೆಯಲ್ಲೋ ಮನಸ್ಸಿನಲ್ಲೋ ಎಂದು ಬಿಡಿಸಿ ಕೇಳಬೇಕು. ಒಂದಕ್ಕೆ, ಎರಡಕ್ಕೆ, ಹೊರಗಾಗುವುದು, ಬಿಳಿ ಸೆರಗು ಇವುಗಳನ್ನು ಮುಖ ಕೆಂಪಾಗದೆ ಬಳಸಲು ಬರಬೇಕು. ಇನ್ನೊಂದು ಕಡೆ ನಮ್ಮ ಮಾತೇ ವೈದ್ಯಕ್ಕಿಂತ ಚುರುಕಾಗಿದೆ. ಆಸ್ಪತ್ರೆಯ ಇಂಗ್ಲಿಷಿನಲ್ಲಿ "ಗಿಡ್ಡಿನೆಸ್" ಎಂದು ಒಂದೇ ಗಂಟು ಕಟ್ಟಿಡುವುದನ್ನು ಕನ್ನಡದ ಅಜ್ಜಿ ಎರಡಾಗಿ ಹೇಳುತ್ತಾಳೆ: ತಲೆ ಗಿರ್ರೆಂದು ತಿರುಗುವುದು ಒಂದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚಾಗಿ ಕಿವಿಯ ಒಳಗೆ ನೋಡಬೇಕು, ಎರಡನೆಯದಕ್ಕೆ ರಕ್ತದೊತ್ತಡವನ್ನು. ಅಜ್ಜಿ ಅರ್ಧ ರೋಗಪತ್ತೆ ಮಾಡಿಕೊಟ್ಟಿರುತ್ತಾಳೆ. ಕೇಳಿಸಿಕೊಂಡವನು ಎರಡನ್ನೂ ಒಂದೇ ಪದಕ್ಕೆ ಇಳಿಸಿ ಬರೆದುಕೊಳ್ಳುತ್ತಾನೆ. ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲೇ ಬರೆಯಲಿ ಎಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರು ಆರೋಗ್ಯ ಸಚಿವರನ್ನು ಕೋರಿದ್ದರು. ಬರೆಯಲಿ, ಸಂತೋಷ. ಅದಕ್ಕೆ ಮೊದಲು ಕೇಳಿಸಿಕೊಳ್ಳುವುದು ಕನ್ನಡದಲ್ಲಿ ಆಗಲಿ.

ಸಮಯ ಎಲ್ಲಿದೆ ಎಂದು ವೈದ್ಯ ಓದುಗರು ಈಗಾಗಲೇ ಪತ್ರ ಬರೆಯಲು ಕುಳಿತಿರುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. 67 ದೇಶಗಳ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ. ನಮ್ಮ ಸರ್ಕಾರಿ ಹೊರರೋಗಿ ವಿಭಾಗದ ಸಾಲು ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ಹೇಳಬೇಕಾಗಿಲ್ಲ. ಆದರೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 335 ರೋಗಿಗಳನ್ನು ತಡೆಯದೆ ಮಾತನಾಡಲು ಬಿಟ್ಟು ಗಡಿಯಾರ ಹಿಡಿದಾಗ, ಅವರು ತಾವಾಗಿ ಮಾತು ನಿಲ್ಲಿಸಲು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡು. ಬಿಟ್ಟರೆ ರಾಮಾಯಣ ಶುರು ಮಾಡುತ್ತಾರೆ ಎಂಬ ಭಯಕ್ಕೆ ಅಷ್ಟೊಂದು ಆಧಾರವಿಲ್ಲ. ನಮ್ಮವರು ಸ್ವಿಸ್ ಜನರಿಗಿಂತ ಮಾತುಗಾರರು, ಒಪ್ಪಿದೆ. ಇನ್ನೂ ಒಂದು ನಿಮಿಷ ಸೇರಿಸಿಕೊಳ್ಳಿ.

ನಿಮ್ಮೂರ ಹಳೆಯ ಡಾಕ್ಟರ ಬಗ್ಗೆ ಹೆಚ್ಚು ಹೇಳಲಾರೆ, ನಾನು ಅವರನ್ನು ಕಂಡವನಲ್ಲ. ಅವರು ನಿಮ್ಮ ಓಣಿಯಲ್ಲೇ ಇದ್ದರು, ಮೂರು ತಲೆಮಾರಿನ ಸಂಗತಿ ಗೊತ್ತಿತ್ತು, ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ "ಗಂಡನ ಕಿವಿಯಲ್ಲಿ ಹೇಳಿ, ಹೆಂಡತಿಗೆ ಬರೀ ಧೈರ್ಯ ಹೇಳುತ್ತಿದ್ದರು" ಎಂದು ನೀವು ಮೆಚ್ಚಿ ಬರೆದ ಸಾಲಿನಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಏಕೆಂದರೆ ಐದನೆಯ ಪುಟದಲ್ಲಿ ನೀವೂ ಅದನ್ನೇ ಮಾಡುತ್ತಿದ್ದೀರಿ. ಅಕ್ಕನವರಿಗೆ ಇದು ಕ್ಯಾನ್ಸರ್ ಎಂದು ಈಗಲೂ ಹೇಳಿಲ್ಲ, "ಗಂಟು ಕರಗಿಸುವ ಔಷಧಿ" ಎಂದು ಕೀಮೋಗೆ ಕರೆದೊಯ್ಯುತ್ತಿದ್ದೇವೆ ಎಂದು ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ: ಆ ಯುವ ವೈದ್ಯ ತಿಳಿಯದೆ ಮುಚ್ಚಿಟ್ಟದ್ದನ್ನು ನೀವು ತಿಳಿದೂ ತಿಳಿದೂ ಮುಚ್ಚಿಡುತ್ತಿದ್ದೀರಿ.

ಇಲ್ಲಿ ವೈದ್ಯರ ಕಷ್ಟವೂ ನಿಜ. ಕೆಟ್ಟ ಸುದ್ದಿ ತಿಳಿಸಲು ಅಮೆರಿಕ, ಕೆನಡಾಗಳ ತಜ್ಞರು 2000ದಲ್ಲಿ ಪ್ರಕಟಿಸಿದ ಆರು ಮೆಟ್ಟಿಲಿನ ಕ್ರಮವೊಂದು ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ಪಾಠವಾಗಿದೆ. ಮೊದಲು ಮರೆಯಿರುವ ಜಾಗ, ಆಮೇಲೆ ರೋಗಿಗೆ ಈಗಾಗಲೇ ಏನು ಗೊತ್ತು ಎಂಬ ಪ್ರಶ್ನೆ, ಎಷ್ಟು ತಿಳಿಯಬೇಕೆಂದಿದ್ದಾರೆ ಎಂಬ ಪ್ರಶ್ನೆ. ಸುದ್ದಿ ಬರುವುದು ನಾಲ್ಕನೆಯ ಮೆಟ್ಟಿಲಿನಲ್ಲಿ. ಚೆನ್ನಾಗಿದೆ. ಆದರೆ ನಮ್ಮಲ್ಲಿ ಮೊದಲ ಮೆಟ್ಟಿಲು ಹತ್ತುವ ಮುಂಚೆಯೇ ಹಿರಿಯ ಮಗ ಕಾರಿಡಾರಿನಲ್ಲಿ ಅಡ್ಡ ಬಂದು "ಅಮ್ಮನಿಗೆ ಹೇಳಬೇಡಿ ಸಾರ್, ಎದೆ ಒಡೆದುಕೊಳ್ಳುತ್ತಾರೆ" ಎಂದು ಕೈ ಮುಗಿಯುತ್ತಾನೆ. ಅವನಿಗೆ ಏನು ಹೇಳಬೇಕು ಎಂಬುದನ್ನು ನಮ್ಮ ಹುಡುಗರಿಗೆ ಅಭಿನಯ ಮಾಡಿಸಿಯೇ ಕಲಿಸಬೇಕು. ನಾನು ಬಲ್ಲ ವೈದ್ಯೆಯೊಬ್ಬರು ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ತಾಯಿಯನ್ನು ಕೇಳುತ್ತಾರೆ: "ನಿಮ್ಮ ಕಾಯಿಲೆಯ ವಿಷಯ ನಿಮಗೇ ಹೇಳಲೇ, ಇವರಿಗೆ ಹೇಳಿದರೆ ಸಾಕೇ?" ಕೆಲವರು "ಅವನಿಗೇ ಹೇಳಿ" ಎನ್ನುತ್ತಾರಂತೆ. ಅದೂ ಸರಿ, ಆ ನಿರ್ಧಾರ ಅವರದು. ಕಾನೂನೂ ಇತ್ತ ಕಡೆಯೇ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು ಸಲ್ಲದು, ವಯಸ್ಕ ರೋಗಿಯ ಒಪ್ಪಿಗೆಯನ್ನು ಆಕೆಯೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅಲ್ಲಿ ಸಹಿ ಹಾಕಿದವರು ಹೆತ್ತ ತಾಯಿ. ನೀವು ತಮ್ಮ.

ಮುಂದಿನ ಸಲ ಹೋಗುವಾಗ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿ, ಪ್ರಶ್ನೆ ಅಕ್ಕನವರದಾಗಿರಲಿ. ವೈದ್ಯರು ಹೇಳಿದ ಮೇಲೆ "ನನಗೆ ಅರ್ಥವಾದದ್ದು ಇಷ್ಟು, ಸರಿಯೇ?" ಎಂದು ಅಕ್ಕನವರೇ ತಿರುಗಿ ಹೇಳಲಿ. ಕಾಲೇಜು ತಿದ್ದಿಸದೆ ಬಿಟ್ಟದ್ದನ್ನು ರೋಗಿಯೇ ತಿದ್ದಿಸಿದರೆ ಯಾವ ವೈದ್ಯರೂ ಸಿಟ್ಟಾಗಲಾರರು, ಸಿಟ್ಟಾದರೆ ಆಗಲಿ.

ಉಳಿದ ಓದುಗರಿಗೆ: ನಿಮ್ಮ ಊರಿನಲ್ಲಿ ನೋವಿಗೆ, ಸುಸ್ತಿಗೆ, ಮುಟ್ಟಿಗೆ, ಉಸಿರಾಟಕ್ಕೆ ಏನೇನು ಪದಗಳಿವೆ ಎಂದು ಬರೆದು ಕಳುಹಿಸಿ, ಊರಿನ ಹೆಸರಿನೊಂದಿಗೆ. ಬಂದಷ್ಟನ್ನು ಅಚ್ಚು ಮಾಡಿ, ಪ್ರತಿಗಳನ್ನು ರಾಜ್ಯದ ವೈದ್ಯಕೀಯ ಕಾಲೇಜುಗಳ ಗ್ರಂಥಾಲಯಗಳಿಗೆ ನಾವೇ ಅಂಚೆಯಲ್ಲಿ ಕಳುಹಿಸುತ್ತೇವೆ. ಮಾಸ್ತರರೇ, ಮೊದಲ ಪಟ್ಟಿ ನಿಮ್ಮಿಂದ ಬರಲಿ, ಅಕ್ಕನವರನ್ನು ಕೇಳಿಯೇ ಬರೆಯಿರಿ.

ಸಂಪಾದಕ