ಹಾಡು ಹುಟ್ಟುವುದು ನಿಂತಾಗ: ಬಳ್ಳಾರಿಯ ಒಬ್ಬ ಗಿಟಾರಿಸ್ಟ್

ನನ್ನ ಹತ್ತಿರ ಸಲಹೆಗೆ ಬಂದಿದ್ದ ಗಿಟಾರಿಸ್ಟ್ ಒಬ್ಬರ ಬಗ್ಗೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು 53. ಕಾಲೇಜು ಮುಗಿಸಿದ ಹೊಸತರಲ್ಲಿ ನಾಲ್ವರು ಗೆಳೆಯರು ರಾಕ್ ಬ್ಯಾಂಡ್ ಕಟ್ಟಿದ್ದರು. ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ, ಮಷಿನ್ ನಿಂತ ಮೇಲೆ, ರಾತ್ರಿಯೆಲ್ಲ ಪ್ರಾಕ್ಟೀಸ್. ಆರು ವರ್ಷದಲ್ಲಿ 40 ಹಾಡು ಬರೆದಿದ್ದರು. ಈಗ ಮದುವೆ, ಗಣಪತಿ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಾರೆ.

"ಹನ್ನೊಂದು ವರ್ಷ ಆತು ನೋಡ್ರಿ ಮೇಡಂ, ಒಂದು ಹಾಡೂ ಹುಟ್ಟಿಲ್ಲ. ಒಳಗ ಎಲ್ಲಾ ಒಣಗಿಬಿಟ್ಟೈತಿ."

ಮೊದಲು ನಿದ್ದೆ, ಊಟ, ಕುಡಿತದ ಬಗ್ಗೆ ಕೇಳಿದೆ. ಖಿನ್ನತೆ ಇದ್ದರೆ ಹಾಡಿನ ಮಾತು ಆಮೇಲೆ, ಅಲ್ವಾ? ಅದು ಇರಲಿಲ್ಲ. ಆದರೆ ರಾತ್ರಿ ಸುಮ್ನೆ ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅಂದರು. ವರ್ಷಗಟ್ಟಲೆ ಸ್ಪೀಕರ್ ಪಕ್ಕ ನಿಂತವರಿಗೆ ಇದು ಬರುವುದುಂಟು. ಸದ್ದಿಲ್ಲದ ಕೋಣೆಯಲ್ಲಿ ಕೂತು ಬರೆಯುವುದೇ ಅವರಿಗೆ ಹಿಂಸೆಯಾಗಿತ್ತು. ಕಿವಿ ಡಾಕ್ಟರ ಹತ್ತಿರ ಕಳಿಸಿದೆ.

ಎರಡನೇ ಸಲ ಬಂದಾಗ ನೋಟ್‌ಬುಕ್ ತಂದಿದ್ದರು. ಪ್ರತಿ ಪುಟದಲ್ಲೂ ಎರಡು ಸಾಲು, ಅದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಎಳೆದ ಗೀಟು. ಒಂದನ್ನು ಬೆಳಕಿಗೆ ಹಿಡಿದು ಓದಿದೆ: "ಬಾಗಿಲು ಹಾಕಿದರೂ ಒಳಗೆ ಬರೋ ಬಿಸಿಲು". ಬಳ್ಳಾರಿಯಲ್ಲಿ ಒಂದು ಬೇಸಿಗೆ ಕಳೆದವರಿಗೆ ಇದು ತಟ್ಟದೇ ಇರುತ್ತಾ? ಯಾಕೆ ಹೊಡೆದಿರಿ ಅಂದೆ. "ನಮ್ಮ ಹಳೇ ಹಾಡಿನಷ್ಟು ಜೋರಿಲ್ಲ."

"ಆ 40ರಲ್ಲಿ ಈಗ ಎಷ್ಟು ನುಡಿಸ್ತೀರಿ?"

"ಆರು."

"ಉಳಿದವು?"

"ಅವು ಸರಿ ಇರಲಿಲ್ಲ ಬಿಡ್ರಿ..." ಅಂದವರು ಅಲ್ಲೇ ನಿಂತುಬಿಟ್ಟರು.

ಇಲ್ಲೇ ಗಂಟು ಇರೋದು. ಆಗ 34 ಕೆಟ್ಟ ಹಾಡು ಬರೆಯುವ ಸಲಿಗೆ ಇತ್ತು, ಈಗ ಮೊದಲ ಸಾಲೇ ಆ ಆರು ಹಾಡಿನ ಜೊತೆ ಕುಸ್ತಿಗೆ ಇಳಿಯಬೇಕು. ಆಗ "ಇದು ಬೇಡ ಲೇ" ಅಂತ ಜಗಳ ತೆಗೆಯುವ ಮೂವರಿದ್ದರು, ಈಗ ಎಲ್ಲರೂ "ಸರ್ ಸೂಪರ್" ಅನ್ನುವವರೇ. ಜನ ಕೇಳುವುದೂ ಹಳೆಯದನ್ನೇ. ದೊಡ್ಡವರಿಗೂ ಇದು ತಪ್ಪಿಲ್ಲ. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಲೆನನ್ ಮತ್ತು ಮ್ಯಾಕಾರ್ಟ್ನಿ ಎದುರೆದುರು ಕೂತು ಹಾಡು ಕಟ್ಟುತ್ತಿದ್ದರು. 1970ರಲ್ಲಿ ಬೀಟಲ್ಸ್ ಒಡೆದು ಆ ಜೊತೆ ತಪ್ಪಿದಾಗ ಮ್ಯಾಕಾರ್ಟ್ನಿಗೆ 28 ಕೂಡ ತುಂಬಿರಲಿಲ್ಲ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 2004ರ ಟಿವಿ ಸಂದರ್ಶನದಲ್ಲಿ, ಹಳೆಯ ಹಾಡುಗಳ ಥರ ಈಗ ಬರೆಯಲು ಆಗಲ್ಲ, ಆದರೆ ಬೇರೆ ಏನಾದರೂ ಮಾಡಬಲ್ಲೆ ಅಂದಿದ್ದರು. ಅದಕ್ಕೆ ಏಳು ವರ್ಷ ಮೊದಲು, 56ನೇ ವಯಸ್ಸಿನಲ್ಲಿ, ಸಾವು ಮತ್ತು ಮುಪ್ಪಿನ ಬಗ್ಗೆ ಅವರು ಮಾಡಿದ ಆಲ್ಬಮ್‌ಗೆ ವರ್ಷದ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ ಬಂತು. ಇಪ್ಪತ್ತರ ಹುಡುಗನ ಸಿಟ್ಟನ್ನು ಐವತ್ತರಲ್ಲಿ ಹುಡುಕಿದರೆ ಸಿಗಲ್ಲ, ಐವತ್ತರದ್ದೇ ಬೇರೆ ಇರುತ್ತದೆ.

ನಾನು ಹೇಳಿದ್ದು ಇಷ್ಟು. ವಾರಕ್ಕೊಂದು ಹಾಡು ಮುಗಿಸಿ, ಕೆಟ್ಟದಾದರೂ ಸರಿ. ಗೀಟು ಹೊಡೆಯಬೇಡಿ. ಫ್ಯಾನ್ ಹಾಕಿಕೊಂಡೇ ಬರೆಯಿರಿ, ಕಿವಿಯ ಸದ್ದು ಅಷ್ಟು ಕಾಡಲ್ಲ. ಕಾರ್ಯಕ್ರಮದಲ್ಲಿ ಕಿವಿಗೆ ಪ್ಲಗ್ ಇರಲಿ. ಮುಲಾಜಿಲ್ಲದೆ ಮಾತಾಡುವ ಒಬ್ಬರಿಗೆ ಕೇಳಿಸಿ. ಡ್ರಮ್ಸ್ ಬಾರಿಸುವ ಅಕ್ಕನ ಮಗ ಇದ್ದಾನೆ ಅಂದರು.

ಎರಡು ತಿಂಗಳ ಮೇಲೆ ಫೋನಿನಲ್ಲಿ ರೆಕಾರ್ಡಿಂಗ್ ಕಳಿಸಿದರು. ಫ್ಯಾನಿನ ಸದ್ದು, ಗಿಟಾರ್, ಬಾಗಿಲು ದಾಟಿ ಬರುವ ಅದೇ ಬಿಸಿಲು. ಮಧ್ಯದಲ್ಲಿ ಹುಡುಗನ ದನಿ: "ಮಾಮಾ, ಎರಡನೇ ಚರಣ ಸರಿ ಇಲ್ಲ." ಗಿಟಾರ್ ನಿಂತಿತು. "ಹಂಗಾದ್ರ ನೀನೇ ಹೇಳೋ" ಅಂದರು ಇವರು, ಜಗಳಕ್ಕೆ ನಿಂತವರ ಹಾಗೆ.